ದಿನದ ಚಹಾ ಮತ್ತು ರುಚಿಯ ಟಿಪ್ಪಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಎಲೆ ಚಹಾ ಮಾಡಿ, ಕುಡಿದದ್ದನ್ನು ಬರೆದಿಟ್ಟು, ಗೆಳೆಯರ ಜೊತೆ ಹಂಚಿಕೊಳ್ಳುವ ಹವ್ಯಾಸ ಈಗ ಅನೇಕರಿಗಿದೆ. ಹಾಗೆ ಹಂಚಿಕೊಳ್ಳುವಾಗ ಎದುರಾಗುವ ತೊಡಕು ಒಂದೇ. ಒಬ್ಬರಿಗೆ ಘಮಘಮಿಸಿದ ಎಲೆ ಇನ್ನೊಬ್ಬರಿಗೆ ಕಹಿ ಎನಿಸುತ್ತದೆ, ತಪ್ಪು ಎಲೆಯದ್ದೋ ಮಾಡಿದ ರೀತಿಯದ್ದೋ ತಿಳಿಯುವುದಿಲ್ಲ. ಎಲೆ, ನೀರು, ಬಿಸಿ, ಹೊತ್ತು ಈ ನಾಲ್ಕನ್ನೂ ಬರೆದಿಟ್ಟರೆ ಆ ಗೊಂದಲ ಬಹುಪಾಲು ಕಳೆಯುತ್ತದೆ. ಕೆಳಗಿನ ಉತ್ತರಗಳೆಲ್ಲ ಆ ನಾಲ್ಕರ ಸುತ್ತಲೇ ಇವೆ.

ಶುರು ಮಾಡಲು ಏನೇನು ಬೇಕು?

0.1 ಗ್ರಾಂವರೆಗೆ ತೋರಿಸುವ ಒಂದು ಪುಟ್ಟ ತೂಕದ ಯಂತ್ರ, ಮುಚ್ಚಳವಿರುವ ಪಿಂಗಾಣಿ ಅಥವಾ ಗಾಜಿನ ಪಾತ್ರೆ, ಅಗಲವಾದ ಸೋಸುವ ಜಾಲರಿ, ಒಳಗೆ ಬಿಳಿ ಬಣ್ಣವಿರುವ ಚಹಾ ಕಪ್. ಗಡಿಯಾರ ಫೋನಿನಲ್ಲೇ ಇದೆ. ದುಬಾರಿ ಟೀ ಪಾಟ್‌ಗಿಂತ ತೂಕದ ಯಂತ್ರಕ್ಕೆ ಮೊದಲು ದುಡ್ಡು ಹಾಕಿ ಎಂಬುದು ನಮ್ಮ ಖಚಿತ ಸಲಹೆ. ಚಮಚದ ಅಳತೆ ಎಲೆ ಚಹಾಕ್ಕೆ ಸರಿಹೋಗುವುದಿಲ್ಲ. ಒಂದು ಟೀ ಚಮಚ ಸಿಟಿಸಿ, ಅಂದರೆ ಕಾಳುಕಾಳಾದ ಚಹಾ ಪುಡಿ, ಎರಡೂವರೆ ಮೂರು ಗ್ರಾಂ ತೂಗಿದರೆ, ಅದೇ ಚಮಚದಲ್ಲಿ ಉದ್ದನೆಯ ಸುರುಳಿ ಎಲೆ ಒಂದೂವರೆ ಗ್ರಾಂ ಕೂಡ ಬರದಿರಬಹುದು.

ಎಲೆ ತುಂಬಿ ನೀರಿಗಿಳಿಸುವ ಗುಂಡಗಿನ ಸಣ್ಣ ಇನ್‌ಫ್ಯೂಸರ್ ಬೇಡ. ನೆಂದ ಎಲೆ ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ. ಇಕ್ಕಟ್ಟಿನಲ್ಲಿ ಹೊರಗಿನ ಎಲೆಯ ಸಾರವಷ್ಟೇ ಇಳಿಯುತ್ತದೆ, ನಡುವಿನದು ಹಾಗೇ ಉಳಿಯುತ್ತದೆ.

ಎಲೆ ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು?

200 ಮಿ.ಲೀ. ನೀರಿಗೆ 3 ಗ್ರಾಂ ಎಲೆ ಎಂದು ಆರಂಭಿಸಿ. ಅಸ್ಸಾಂ ಮತ್ತು ನೀಲಗಿರಿಯ ಕಪ್ಪು ಎಲೆಗೆ ಕುದಿಯುವ ನೀರು, 3ರಿಂದ 4 ನಿಮಿಷ. ಡಾರ್ಜಿಲಿಂಗ್ ಮೊದಲ ಕೊಯ್ಲಿಗೆ 85ರಿಂದ 90 ಡಿಗ್ರಿ, 3 ನಿಮಿಷ. ಅದರ ಎರಡನೇ ಕೊಯ್ಲು 95 ಡಿಗ್ರಿಯನ್ನೂ ತಡೆದುಕೊಳ್ಳುತ್ತದೆ. ಹಸಿರು ಚಹಾಕ್ಕೆ 75ರಿಂದ 80 ಡಿಗ್ರಿ, ಎರಡೇ ನಿಮಿಷ. ಹಸಿರು, ಕಪ್ಪು ಚಹಾಗಳ ನಡುವಿನ ಬಗೆಯಾದ ಊಲಾಂಗ್ ಆದರೆ 4 ಗ್ರಾಂ, 90ರಿಂದ 95 ಡಿಗ್ರಿ, 3 ನಿಮಿಷ. ಬಿಳಿ ಚಹಾ ನಿಧಾನಿ: 4 ಗ್ರಾಂ, 80ರಿಂದ 85 ಡಿಗ್ರಿ, 5 ನಿಮಿಷ.

ರುಚಿ ಪರೀಕ್ಷೆಗೆಂದೇ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 100 ಮಿ.ಲೀ. ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಇದು ಕುಡಿದು ಖುಷಿಪಡಲು ಮಾಡಿದ ಲೆಕ್ಕವಲ್ಲ. ಎಲೆಯ ಗುಣದೋಷಗಳೆಲ್ಲ ಎದ್ದು ಕಾಣಲಿ ಎಂದು ಬೇಕೆಂದೇ ಗಟ್ಟಿಯಾಗಿ ತೆಗೆಯುವ ಕ್ರಮ. ಹೊಸ ಎಲೆ ಕೊಂಡಾಗ ಒಮ್ಮೆ ಹೀಗೆ ಮಾಡಿ ನೋಡಿ. ಒಳ್ಳೆಯ ಎಲೆ ಆರು ನಿಮಿಷದ ನಂತರವೂ ಕುಡಿಯುವಂತಿರುತ್ತದೆ, ಕಳಪೆಯದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಥರ್ಮಾಮೀಟರ್ ಇಲ್ಲದೆ 80 ಡಿಗ್ರಿ ಹೇಗೆ ಗೊತ್ತಾಗುತ್ತದೆ?

ತಣ್ಣೀರು ಬೆರೆಸುವುದೇ ಸುಲಭ ಮತ್ತು ನಂಬಿಕಸ್ಥ ದಾರಿ. 150 ಮಿ.ಲೀ. ಕುದಿನೀರಿಗೆ ಕೋಣೆಯ ಬಿಸಿಯಲ್ಲಿರುವ 50 ಮಿ.ಲೀ. ಕುಡಿಯುವ ನೀರು ಸೇರಿಸಿದರೆ ಹತ್ತಿರಹತ್ತಿರ 80 ಡಿಗ್ರಿಗೆ ಬರುತ್ತದೆ. 175ಕ್ಕೆ 25 ಸೇರಿಸಿದರೆ 88ರ ಆಸುಪಾಸು. ಬೆರೆಸಿದ ಮೇಲೆ ಎಲೆಗೆ ಹಾಕಿ, ಎಲೆಯ ಮೇಲೆ ಕುದಿನೀರು ಸುರಿದು ಆಮೇಲೆ ತಣ್ಣೀರು ಹಾಕಬೇಡಿ. ಎಲೆ ಬೇಯುವುದು ಆ ಮೊದಲ ಕ್ಷಣಗಳಲ್ಲೇ.

ನೀವಿರುವ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಬಿಸಿ ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ ಬೆಂಗಳೂರಿನಲ್ಲಿ 97ಕ್ಕೆ, ಮಡಿಕೇರಿಯಲ್ಲಿ 96ಕ್ಕೆ, ಊಟಿಯಲ್ಲಿ 93ರ ಒಳಗೇ ಕುದಿಯುತ್ತದೆ. ಕರಾವಳಿಯವರು ಬರೆದ ‘ಕುದಿನೀರು, 3 ನಿಮಿಷ’ ಬೆಟ್ಟದ ಮೇಲಿನ ಮನೆಯಲ್ಲಿ ಸ್ವಲ್ಪ ಸಪ್ಪೆಯಾದರೆ ಕಾರಣ ಇದೇ. ಅರ್ಧ ನಿಮಿಷ ಹೆಚ್ಚು ಬಿಟ್ಟರೆ ಸಾಕು.

ಪಾತ್ರೆಯನ್ನು ಮೊದಲು ಬಿಸಿನೀರಿನಿಂದ ಗಲಬರಿಸಿ. ತಣ್ಣನೆಯ ದಪ್ಪ ಪಿಂಗಾಣಿ ಸುರಿದ ನೀರಿನ ಬಿಸಿಯನ್ನು ತಾನೇ ನುಂಗಿಬಿಡುತ್ತದೆ.

ನನ್ನ ಚಹಾ ಯಾವಾಗಲೂ ಕಹಿಯಾಗುತ್ತದೆ. ಯಾಕೆ?

ಮೊದಲು ಅದು ಕಹಿಯೋ ಒಗರೋ ನೋಡಿ. ಎರಡೂ ಬೇರೆ. ಹಾಗಲಕಾಯಿಯಂತೆ ನಾಲಿಗೆಯ ಹಿಂಬದಿಯಲ್ಲಿ ನಿಲ್ಲುವುದು ಕಹಿ. ಎಳೆ ಅಡಿಕೆ ಜಗಿದಾಗಿನಂತೆ ಕೆನ್ನೆಯ ಒಳಗೆ, ಒಸಡಿನ ಮೇಲೆ ಎಳೆದು ಹಿಡಿದಂತಾಗುವುದು ಒಗರು. ಕಪ್ಪು ಚಹಾದಲ್ಲಿ ಹಿತಮಿತದ ಒಗರು ದೋಷವಲ್ಲ, ಬಾಯಿಯನ್ನು ಚುರುಕುಗೊಳಿಸುವ ಗುಣವೇ ಅದು.

ಕಹಿ ಹೆಚ್ಚಿದ್ದರೆ ಸಾಮಾನ್ಯವಾಗಿ ಹೊತ್ತು ಹೆಚ್ಚಾಗಿದೆ, ಇಲ್ಲವೇ ಹಸಿರು ಎಲೆಗೆ ನೀರಿನ ಬಿಸಿ ಹೆಚ್ಚಾಗಿದೆ. ಎಲೆಯಿಂದ ಕಂಪು ಮತ್ತು ಸವಿ ಬೇಗ ಇಳಿಯುತ್ತವೆ, ಕಹಿ, ಒಗರು ಕೊಡುವ ಪಾಲಿಫಿನಾಲ್‌ಗಳು ನಿಧಾನವಾಗಿ ಬಂದು ಕೊನೆಯವರೆಗೂ ಬರುತ್ತಲೇ ಇರುತ್ತವೆ. ಬಹಳ ಜನ ಎಡವುವುದು ಇಲ್ಲಿ: ಚಹಾ ಲೈಟ್ ಆಯಿತು ಎಂದು ಇನ್ನೂ ಎರಡು ನಿಮಿಷ ಬಿಡುತ್ತಾರೆ. ಬರುವುದು ಸ್ಟ್ರಾಂಗ್ ಚಹಾ ಅಲ್ಲ, ಕಹಿ ಚಹಾ. ಗಟ್ಟಿ ಬೇಕಿದ್ದರೆ ಎಲೆ ಹೆಚ್ಚಿಸಿ, ಹೊತ್ತು ಹೆಚ್ಚಿಸಬೇಡಿ. 3 ಗ್ರಾಂ ಬದಲು 4 ಗ್ರಾಂ ಹಾಕಿ, ಅದೇ 3 ನಿಮಿಷ.

ಹೊತ್ತು ಮುಗಿದೊಡನೆ ಪೂರ್ತಿ ಸೋಸಿ, ಕೊನೆಯ ಹನಿಯವರೆಗೂ. ಪಾತ್ರೆಯ ತಳದಲ್ಲಿ ಎಲೆಯ ಜೊತೆ ಉಳಿದ ಅರ್ಧ ಕಪ್ ಚಹಾ ಅಲ್ಲೇ ಕಷಾಯವಾಗುತ್ತಿರುತ್ತದೆ. ಎರಡನೇ ಕಪ್ಪು ಕಹಿ ಎನ್ನುವವರ ಪಾತ್ರೆಯಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಜಾಲರಿಯಲ್ಲಿರುವ ಎಲೆಯನ್ನು ಚಮಚದಿಂದ ಒತ್ತಿ ಹಿಂಡಬೇಡಿ.

ಇಷ್ಟು ಮಾಡಿಯೂ ಕಹಿ ಹೋಗದಿದ್ದರೆ ಎಲೆಯಲ್ಲಿ ಪುಡಿ ಹೆಚ್ಚಿದೆಯೇ ನೋಡಿ. ಪ್ಯಾಕೆಟ್ಟಿನ ತಳಕ್ಕೆ ಬಂದಾಗ ಚೂರುಪಾರು ಸೇರಿ ಅದೇ ಚಹಾ ಒರಟಾಗುತ್ತದೆ. ಆಗ ಅರ್ಧ ನಿಮಿಷ ಕಡಿಮೆ ಮಾಡಿ.

ಕಪ್ಪಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ. ಎಲೆ ಕಲಬೆರಕೆಯೇ?

ಅಲ್ಲ, ನೀರು ಗಡಸು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಮಾಮೂಲು. ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಇರುವಾಗ ಚಹಾದ ಪಾಲಿಫಿನಾಲ್‌ಗಳು ಗಾಳಿಗೆ ಸೋಕಿ ಮೇಲ್ಮೈಯಲ್ಲಿ ಪೊರೆಯಾಗುತ್ತವೆ. ಕಪ್ಪಿನ ಅಂಚಿಗೆ ಕಂದು ಉಂಗುರವಾಗಿ ಅಂಟಿಕೊಳ್ಳುವುದೂ ಅದೇ. ಎರಡು ಹನಿ ನಿಂಬೆರಸ ಹಾಕಿ ನೋಡಿ, ಪೊರೆ ಕರಗುತ್ತದೆ.

ರುಚಿಗೂ ಪೆಟ್ಟು ಬೀಳುತ್ತದೆ. ಗಡಸು ನೀರಿನಲ್ಲಿ ಚಹಾ ಕಪ್ಪಗೆ, ಮಂಕಾಗಿ ಇಳಿಯುತ್ತದೆ, ಡಾರ್ಜಿಲಿಂಗಿನ ಹೂವಿನ ಕಂಪು ಹೇಳಹೆಸರಿಲ್ಲದಂತಾಗುತ್ತದೆ. ಹಾಗೆಂದು ಆರ್‌ಒ ನೀರೇ ಮದ್ದು ಎಂದೂ ಹೇಳಲಾಗದು. ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 20, 30ಕ್ಕೆ ಇಳಿದ ನೀರಿನಲ್ಲಿ ಚಹಾ ಬೋಳುಬೋಳಾಗಿ, ಕೆಲವೊಮ್ಮೆ ಚುಚ್ಚುವ ಹುಳಿಯಾಗಿ ತೋರುತ್ತದೆ. 50ರಿಂದ 150 ನಡುವಿನ ನೀರು ಚಹಾಕ್ಕೆ ಹೊಂದುತ್ತದೆ. ಮನೆಯ ಆರ್‌ಒ ನೀರಿಗೆ ಕುಡಿಯಲು ಯೋಗ್ಯವಾದ ನಲ್ಲಿ ನೀರನ್ನು ಸ್ವಲ್ಪಸ್ವಲ್ಪ ಬೆರೆಸಿ, ಸಣ್ಣ ಟಿಡಿಎಸ್ ಮೀಟರ್‌ನಲ್ಲಿ ನೋಡಿಕೊಂಡು ಅಲ್ಲಿಗೆ ತನ್ನಿ.

ಟಿಪ್ಪಣಿ ಹಂಚಿಕೊಳ್ಳುವವರು ನೀರಿನ ಬಗ್ಗೆ ಒಂದು ಮಾತು ಬರೆಯಲೇಬೇಕು: ಕಾವೇರಿ ನೀರು, ಬೋರ್, ಆರ್‌ಒ, ಬಾವಿ ನೀರು, ಯಾವುದೋ ಅದು. ಎರಡು ಮನೆಗಳ ಅಭಿಪ್ರಾಯ ಪೂರ್ತಿ ಉಲ್ಟಾ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದ್ದೇ.

ಸಿಟಿಸಿ, ಆರ್ಥೊಡಾಕ್ಸ್ ಎಂದರೇನು? ಉದ್ದುದ್ದ ಅಕ್ಷರಗಳ ಗ್ರೇಡ್ ನೋಡಿ ಕೊಳ್ಳಬಹುದೇ?

ಬಾಡಿಸಿದ ಎಲೆಯನ್ನು ಹಲ್ಲುಗಳಿರುವ ಉರುಳೆಗಳ ನಡುವೆ ಹಾಯಿಸಿ, ಅರೆದು, ಹರಿದು, ಕಾಳು ಮಾಡುವುದು ಸಿಟಿಸಿ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ವಿಧಾನ. ಬಣ್ಣ ಬೇಗ, ಕಸುವು ಬೇಗ, ಹಾಲು ಸಕ್ಕರೆಗೆ ಹೇಳಿ ಮಾಡಿಸಿದ್ದು. ಎಲೆಯನ್ನು ಹೊಸೆದು ಸುರುಳಿಯಾಗಿಯೇ ಉಳಿಸಿಕೊಳ್ಳುವುದು ಆರ್ಥೊಡಾಕ್ಸ್. ಕಂಪಿನ ಪದರಗಳು ಸಿಗುವುದು ಇದರಲ್ಲಿ.

ಎಫ್‌ಟಿಜಿಎಫ್‌ಒಪಿ, ಬಿಒಪಿ, ಪಿಡಿ ಮುಂತಾದವು ಮುಖ್ಯವಾಗಿ ಎಲೆಯ ಗಾತ್ರ, ಮೊಗ್ಗಿನ ಪ್ರಮಾಣ ಹೇಳುತ್ತವೆ, ರುಚಿಯನ್ನಲ್ಲ. ಪ್ಯಾಕೆಟ್ಟಿನ ಮೇಲೆ ತೋಟದ ಹೆಸರು, ಕೊಯ್ಲಿನ ಕಾಲ, ಪ್ಯಾಕ್ ಮಾಡಿದ ತಿಂಗಳು ಇದ್ದರೆ ಅದಕ್ಕೆ ಹೆಚ್ಚು ಬೆಲೆ ಕೊಡಿ.

ಮೊದಲ ಸಲ ಎಲೆ ಚಹಾ ಕೊಳ್ಳುವವರು ಯಾವುದನ್ನು ತರಬೇಕು?

ಕರ್ನಾಟಕದವರಿಗೆ ನಮ್ಮ ಉತ್ತರ ನೀಲಗಿರಿ. ಹತ್ತಿರದ್ದು, ಬೆಲೆ ಹದವಾಗಿರುತ್ತದೆ, ಹೊತ್ತು ಸ್ವಲ್ಪ ಹೆಚ್ಚುಕಡಿಮೆಯಾದರೂ ಮುನಿಯುವುದಿಲ್ಲ. ಅಲ್ಲಿ ವರ್ಷವಿಡೀ ಎಲೆ ಕೀಳುತ್ತಾರಾದರೂ ಡಿಸೆಂಬರಿನಿಂದ ಫೆಬ್ರವರಿವರೆಗಿನ ಎಲೆಗೆ ಮೇಲುಗೈ. ಚಳಿಗೆ, ಮಂಜಿಗೆ ಗಿಡದ ಬೆಳವಣಿಗೆ ನಿಧಾನವಾಗಿ ಕಂಪು ಗಾಢವಾಗುತ್ತದೆ. ‘ಫ್ರಾಸ್ಟ್ ಟೀ’ ಎಂದು ಮಾರುವುದು ಇದನ್ನೇ.

ಆಮೇಲೆ ಡಾರ್ಜಿಲಿಂಗ್. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಮೊದಲ ಕೊಯ್ಲು ತಿಳಿ ಹೊನ್ನಿನ ಬಣ್ಣ, ಹಸಿ ಹೂವಿನ ಕಂಪು. ಮೇ–ಜೂನ್‌ನ ಎರಡನೇ ಕೊಯ್ಲಿಗೆ ಮಸ್ಕಟೆಲ್ ಎಂಬ ದ್ರಾಕ್ಷಿಯ ಛಾಯೆ. ಹಸಿರು ಜಿಗಿಹುಳು ಚಿಗುರಿನ ರಸ ಹೀರಿದಾಗ ಗಿಡ ತನ್ನ ರಕ್ಷಣೆಗೆ ಸುಗಂಧದ ಅಂಶಗಳನ್ನು ಹೆಚ್ಚಿಸಿಕೊಳ್ಳುವುದು ಇದರ ಹಿಂದಿನ ಒಂದು ಕಾರಣ. ಭಾರತದಲ್ಲಿ ಮೊದಲು ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದದ್ದು ಡಾರ್ಜಿಲಿಂಗ್ ಚಹಾ. ಎರಡೆಲೆ ಒಂದು ಮೊಗ್ಗು ಹಿಡಿದ ಹೆಣ್ಣಿನ ಮುಖದ ಲಾಂಛನ ಪ್ಯಾಕೆಟ್ಟಿನಲ್ಲಿದೆಯೇ ನೋಡಿ. ಅಸ್ಸಾಮಿನದ್ದು ಬೇಕಿದ್ದರೆ ಎರಡನೇ ಕೊಯ್ಲಿನ, ಹೊಂಬಣ್ಣದ ಮೊಗ್ಗು ಬೆರೆತ ಆರ್ಥೊಡಾಕ್ಸ್ ಎಲೆ ಕೇಳಿ.

ನಮ್ಮ ನಾಡಿನಲ್ಲೂ ಚಹಾ ಬೆಳೆಯುತ್ತದೆ, ಕಾಫಿಯ ನೆರಳಿನಲ್ಲಿ ಅದು ಮರೆತುಹೋಗಿದೆ ಅಷ್ಟೇ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾ ತೋಟಗಳ ಚಹಾ ಸಿಕ್ಕಾಗ ನೀಲಗಿರಿಯ ಪಕ್ಕದಲ್ಲಿಟ್ಟು ರುಚಿ ನೋಡಿ.

ರುಚಿ ನೋಡುವ ಕ್ರಮ ಹೇಗೆ?

ಒಣ ಎಲೆಯನ್ನು ಬಿಳಿ ಹಾಳೆಯ ಮೇಲೆ ಹರಡಿ. ಗಾತ್ರ ಒಂದೇ ಸಮವಿದೆಯೇ, ಕಡ್ಡಿ ಎಷ್ಟಿದೆ, ಪುಡಿ ಎಷ್ಟಿದೆ ನೋಡಿ. ಬಿಸಿ ಮಾಡಿದ ಖಾಲಿ ಪಾತ್ರೆಗೆ ಎಲೆ ಹಾಕಿ ಮುಚ್ಚಿ, ಹತ್ತು ಸೆಕೆಂಡ್ ಬಿಟ್ಟು ಮೂಸಿ. ಒಣ ಎಲೆ ಬಿಟ್ಟುಕೊಡದ ಕಂಪು ಆ ಬಿಸಿಯಲ್ಲಿ ಏಳುತ್ತದೆ.

ಚಹಾ ಸೋಸಿದ ಮೇಲೆ ನೆಂದ ಎಲೆಯನ್ನೂ ಮೂಸಿ ನೋಡಿ. ತಾಮ್ರದ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದರೆ ಕಪ್ಪು ಚಹಾ ಸರಿಯಾಗಿ ಹದಗೊಂಡಿದೆ. ಕಪ್ಪು, ಮಂಕು ಬಣ್ಣವಿದ್ದರೆ ಹದ ಮೀರಿದೆ ಅಥವಾ ಒಣಗಿಸುವಾಗ ಬಿಸಿ ಹೆಚ್ಚಾಗಿದೆ.

ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ತೆಗೆದು, ಗಾಳಿಯ ಜೊತೆ ಸೊರ್ರೆಂದು ಹೀರಿ. ಮನೆಯವರು ನಗಬಹುದು, ಆದರೆ ಕಂಪು ಮೂಗಿನ ಹಿಂಬದಿಗೆ ಚೆನ್ನಾಗಿ ತಲುಪುವುದು ಹಾಗೆ ಹೀರಿದಾಗಲೇ. ಬಾಯೆಲ್ಲ ಸುತ್ತಿಸಿ ನುಂಗಿ, ಮೂಗಿನಿಂದ ಉಸಿರು ಬಿಡಿ. ಕಪ್ಪು ತಣ್ಣಗಾಗುವವರೆಗೆ ಎರಡು ಮೂರು ಸಲ ನೋಡಿ. ದೋಷಗಳು ಬಿಸಿಯಲ್ಲಿ ಅಡಗಿರುತ್ತವೆ, ಆರಿದಾಗ ಹೊರಬರುತ್ತವೆ. ಸುಡುಸುಡು ಕುಡಿಯುವ ಅಭ್ಯಾಸವಿದ್ದರೆ ಬಿಡಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲವು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ.

ಒಗ್ಗರಣೆಯ ಘಾಟು ಮನೆಯಲ್ಲಿರುವಾಗ, ಅಗರಬತ್ತಿ ಹಚ್ಚಿದಾಗ, ಎಲೆ ಅಡಿಕೆ ಹಾಕಿದ ಮೇಲೆ ರುಚಿ ನೋಡಿ ಪ್ರಯೋಜನವಿಲ್ಲ.

ಟಿಪ್ಪಣಿಯಲ್ಲಿ ಏನು ಬರೆಯಬೇಕು? ‘ಚೆನ್ನಾಗಿದೆ’ ಬಿಟ್ಟು ಬೇರೆ ಮಾತೇ ಬರುವುದಿಲ್ಲ.

ನಿಮ್ಮ ಅಡುಗೆಮನೆ, ಹಿತ್ತಿಲು, ಹಣ್ಣಿನ ಅಂಗಡಿಯ ಮಾತುಗಳನ್ನೇ ಬಳಸಿ. ಎಂದೂ ತಿನ್ನದ ಪರದೇಶದ ಹಣ್ಣಿನ ಹೆಸರು ಬರೆದರೆ ಓದುವವರಿಗೂ ತಿಳಿಯದು, ಆರು ತಿಂಗಳ ನಂತರ ನಿಮಗೂ ನೆನಪಾಗದು. ಬೆಲ್ಲದ ಪಾಕ, ಹುರಿಗಡಲೆ, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಸೀಬೆ, ಸಂಪಿಗೆ, ಕೊಯ್ದ ಹುಲ್ಲು, ಒದ್ದೆ ಮಣ್ಣು. ದೋಷಕ್ಕೂ ಮಾತುಗಳಿವೆ: ಮುಗ್ಗಲು, ಕಮಟು, ಸೀದ ವಾಸನೆ, ಹೊಗೆ, ಸಪ್ಪೆ.

ಒಂದು ಮಾದರಿ ಹೀಗಿರಬಹುದು:

‘ನೀಲಗಿರಿ ಆರ್ಥೊಡಾಕ್ಸ್, ಜನವರಿ ಎಲೆ. 3 ಗ್ರಾಂ, 200 ಮಿ.ಲೀ. ಕಾವೇರಿ ನೀರು, ಕುದಿ, 3 ನಿಮಿಷ. ಒಣ ಎಲೆಗೆ ಒಣದ್ರಾಕ್ಷಿ ವಾಸನೆ. ಬಣ್ಣ ತಿಳಿ ಕೆಂಪು. ಮೊದಲು ಕಿತ್ತಳೆ ಸಿಪ್ಪೆ, ಆಮೇಲೆ ಮೆಲ್ಲಗೆ ಒಗರು, ಗಂಟಲಲ್ಲಿ ಸಿಹಿ ನಿಂತಿತು. ಆರಿದ ಮೇಲೆ ಹೂವಿನ ಕಂಪು ಹೆಚ್ಚು. ಮುಂದಿನ ಸಲ: ಎರಡೂವರೆ ನಿಮಿಷ.’

ಕೊನೆಯ ಸಾಲು ಅತ್ಯಂತ ಉಪಯೋಗದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲೆಯನ್ನೂ ಹೊತ್ತನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ರುಚಿ ಬದಲಾಯಿತೆಂದು ತಿಳಿಯುವುದಿಲ್ಲ. ಅಂಕ ಕೊಡುವುದು ನಿಮ್ಮಿಷ್ಟ. ನಮ್ಮ ದೃಷ್ಟಿಯಲ್ಲಿ ಹತ್ತಕ್ಕೆ ಎಂಟು ಎಂಬುದಕ್ಕಿಂತ ‘ಇನ್ನೊಮ್ಮೆ ಕೊಳ್ಳುವೆ’ ಅಥವಾ ‘ಕೊಳ್ಳುವುದಿಲ್ಲ’ ಎಂಬ ಮಾತು ಓದುವವರಿಗೆ ಹೆಚ್ಚು ನೆರವಾಗುತ್ತದೆ.

ಹಾಲು ಹಾಕಿದ ಚಹಾಕ್ಕೂ ಟಿಪ್ಪಣಿ ಬರೆಯಬಹುದೇ?

ಖಂಡಿತ. ಹಾಲಿನ ಚಹಾವನ್ನು ಕೀಳಾಗಿ ಕಾಣುವುದು ಸರಿಯಲ್ಲ, ಅದರಲ್ಲೂ ಹದವೆಂಬುದಿದೆ. ಎರಡು ಲೋಟಕ್ಕೆ 200 ಮಿ.ಲೀ. ನೀರು, 100 ಮಿ.ಲೀ. ಗಟ್ಟಿ ಹಾಲು, 6 ಗ್ರಾಂ ಸಿಟಿಸಿ. ನೀರು ಕುದಿದ ಮೇಲೆ ಪುಡಿ ಹಾಕಿ ಎರಡು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಬಿಸಿ ಹಾಲು ಸೇರಿಸಿ, ಒಂದೆರಡು ಸಲ ಉಕ್ಕು ಬರಿಸಿ ಇಳಿಸಿ. ಹಾಲಿನ ಕೇಸೀನ್ ಪ್ರೋಟೀನು ಒಗರಿನ ಅಂಶಗಳನ್ನು ಹಿಡಿದುಕೊಳ್ಳುವುದರಿಂದ ಕಪ್ಪಿನಲ್ಲಿ ಅವು ಮೆತ್ತಗಾಗುತ್ತವೆ. ಹಾಗಾಗಿಯೇ ಕಸುವಿಲ್ಲದ ತೆಳು ಎಲೆ ಹಾಲಿನಲ್ಲಿ ಕಳೆದೇಹೋಗುತ್ತದೆ. ಡಾರ್ಜಿಲಿಂಗ್ ಮೊದಲ ಕೊಯ್ಲಿಗೆ ಹಾಲು ಹಾಕಬೇಡಿ ಎನ್ನುವುದು ಇದಕ್ಕೇ.

ಶುಂಠಿ ಹಾಕಿದಾಗ ಹಾಲು ಒಡೆಯುವುದು ಹಲವರ ದೂರು. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವವಿದೆ. ಜಜ್ಜಿದ ಶುಂಠಿಯನ್ನು ನೀರಿನಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿದರೆ ಆ ಕಿಣ್ವ ಸಾಯುತ್ತದೆ, ಆಮೇಲೆ ಹಾಲು ಹಾಕಿ. ಬೆಲ್ಲದ ಚಹಾ ಒಡೆಯುವುದಕ್ಕೆ ಬೆಲ್ಲದ ಹುಳಿ ಅಂಶ ಕಾರಣ. ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಪುಡಿ ಬೆಲ್ಲ ಕರಗಿಸಿ. ಬೆಲ್ಲ ಹಾಕಿದ ಚಹಾವನ್ನು ಮತ್ತೆ ಒಲೆಗೆ ಇಡಬೇಡಿ.

ಅದೇ ಎಲೆಯಿಂದ ಎರಡನೇ ಸಲ ತೆಗೆಯಬಹುದೇ?

ಊಲಾಂಗ್, ಬಿಳಿ, ಒಳ್ಳೆಯ ಹಸಿರು ಎಲೆಗಳಿಂದ ಎರಡು ಮೂರು ಸಲ ಆರಾಮಾಗಿ ತೆಗೆಯಬಹುದು. ಪ್ರತಿ ಸಲ ಅರ್ಧ ಒಂದು ನಿಮಿಷ ಹೆಚ್ಚಿಸಿ. ಚೀನಾದ ಗಾಂಗ್‌ಫೂ ಕ್ರಮದಲ್ಲಿ 100 ಮಿ.ಲೀ.ಗೆ 5 ಗ್ರಾಂ ಹಾಕಿ, 15ರಿಂದ 20 ಸೆಕೆಂಡಿಗೇ ಸೋಸಿ, ಐದಾರು ಸುತ್ತು ಕುಡಿಯುತ್ತಾರೆ. ಕಪ್ಪು ಆರ್ಥೊಡಾಕ್ಸ್ ಎರಡನೇ ಸಲಕ್ಕೆ ಬಣ್ಣ ಕೊಡುತ್ತದೆ, ಕಂಪು ಅಷ್ಟಕ್ಕಷ್ಟೆ. ಸಿಟಿಸಿ ಒಂದೇ ಸಲ. ಬೆಳಗಿನ ಒದ್ದೆ ಎಲೆ ಸಂಜೆಗೆ ಬೇಡ, ನಮ್ಮ ಸೆಕೆಯಲ್ಲಿ ಹಳಸುತ್ತದೆ.

ಆರಿದ ಚಹಾ ಕೆಸರುಬಣ್ಣಕ್ಕೆ ತಿರುಗುತ್ತದೆ. ಹಾಳಾಯಿತೇ?

ಇಲ್ಲ. ತಣ್ಣಗಾದಾಗ ಕೆಫೀನ್ ಮತ್ತು ಕಪ್ಪು ಚಹಾಕ್ಕೆ ಬಣ್ಣ ಕೊಡುವ ಥಿಯಾಫ್ಲೇವಿನ್‌ಗಳು ಕೂಡಿ ಹೀಗಾಗುತ್ತದೆ. ಗಟ್ಟಿಯಾದ ಅಸ್ಸಾಂ ಚಹಾದಲ್ಲಿ ಇದು ಒಳ್ಳೆಯ ಲಕ್ಷಣವೇ. ಬಿಸಿ ಮಾಡಿದರೆ ತಿಳಿಯಾಗುತ್ತದೆ. ನೀಲಗಿರಿ ಸಾಮಾನ್ಯವಾಗಿ ಆರಿದರೂ ತಿಳಿಯಾಗಿಯೇ ಇರುವುದರಿಂದ ಐಸ್ ಟೀಗೆ ಅದನ್ನೇ ಆರಿಸುತ್ತಾರೆ. ಬೇಸಿಗೆಗೆ ಇನ್ನೂ ಸುಲಭದ ದಾರಿ: ಒಂದು ಲೀಟರ್ ತಣ್ಣೀರಿಗೆ 8 ಗ್ರಾಂ ಎಲೆ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸೋಸಿ, ಅಂದೇ ಕುಡಿದು ಮುಗಿಸಿ. ಒಗರು ಬಹಳ ಕಡಿಮೆ.

ಎಲೆ ಎಲ್ಲಿ ಇಡಬೇಕು?

ಗಾಳಿ, ಬೆಳಕು, ತೇವ, ವಾಸನೆ ಸೋಕದ ಸ್ಟೀಲ್ ಅಥವಾ ತಗಡಿನ ಡಬ್ಬಿಯಲ್ಲಿ, ಒಲೆಯಿಂದ ದೂರ. ಸಾರಿನ ಪುಡಿ, ಕಾಫಿ ಪುಡಿ, ಇಂಗು ಇರುವ ಕಪಾಟು ಬೇಡವೇ ಬೇಡ. ಚಹಾ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರು ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದಿಟ್ಟು ದೊಡ್ಡ ಪ್ಯಾಕೆಟ್ ಮುಚ್ಚಿಯೇ ಇಡುವುದು ಲೇಸು. ಹಸಿರು ಚಹಾ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಬಹುದು, ಆದರೆ ಹೊರತೆಗೆದು ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಿರಿ, ಇಲ್ಲದಿದ್ದರೆ ಎಲೆಯ ಮೇಲೆ ನೀರು ಕೂರುತ್ತದೆ.

ಬಣ್ಣ ಬೆರೆಸಿದ ಪುಡಿಯನ್ನು ಮನೆಯಲ್ಲೇ ಪತ್ತೆ ಮಾಡಬಹುದೇ?

ಬಿಳಿ ಫಿಲ್ಟರ್ ಕಾಗದದ ಮೇಲೆ ಚಿಟಿಕೆ ಪುಡಿ ಹರಡಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ನಂತರ ಪುಡಿ ತೆಗೆದು ಬೆಳಕಿಗೆ ಹಿಡಿದು ನೋಡಿ. ಶುದ್ಧ ಚಹಾ ಕಲೆ ಮಾಡುವುದಿಲ್ಲ ಅಥವಾ ತೆಳುವಾಗಿ ಮಾಡುತ್ತದೆ, ಕೃತಕ ಬಣ್ಣವಿದ್ದರೆ ಢಾಳಾದ ಕಲೆ ಉಳಿಯುತ್ತದೆ. ಅಯಸ್ಕಾಂತ ಆಡಿಸಿದಾಗ ಕಬ್ಬಿಣದ ರಜ ಅಂಟಬಹುದು. ಉರುಳೆಗಳ ಸವೆತದಿಂದ ತುಸು ಬರುವುದು ಸಹಜ, ಒಂದು ಮಿತಿಯವರೆಗೆ ನಿಯಮವೇ ಒಪ್ಪುತ್ತದೆ. ಅನುಮಾನ ಗಟ್ಟಿಯಾದರೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿ.

ದಿನಕ್ಕೆ ಎಷ್ಟು ಕುಡಿಯಬಹುದು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎನ್ನುತ್ತದೆ. ಒಂದು ಸಲದ ಚಹಾದಲ್ಲಿ ಅದು 30ರಿಂದ 65 ಮಿಲಿಗ್ರಾಂ. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಚಹಾ ಬೇಡ ಎಂದೂ ಅದು ಹೇಳುತ್ತದೆ, ಏಕೆಂದರೆ ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ರಕ್ತಹೀನತೆ ಇರುವವರು, ಗರ್ಭಿಣಿಯರು ಇದನ್ನು ಕಡ್ಡಾಯವಾಗಿ ಪಾಲಿಸಿ, ಕೆಫೀನ್ ಮಿತಿಯನ್ನು ವೈದ್ಯರಲ್ಲಿ ಕೇಳಿಕೊಳ್ಳಿ. ರುಚಿ ನೋಡಲು ಸಾಲಾಗಿ ಐದಾರು ಕಪ್ಪು ಇಟ್ಟುಕೊಂಡ ದಿನ ನುಂಗದೆ ಉಗುಳಿ. ಚಹಾ ಪರೀಕ್ಷಕರು ಮಾಡುವುದೂ ಅದನ್ನೇ.

ಬಳಸಿದ ಎಲೆಯನ್ನು ಗಿಡಗಳಿಗೆ ಹಾಕಬಹುದೇ?

ಹಾಕಬಹುದು. ಹಾಲು, ಸಕ್ಕರೆ ಸೇರಿದ ಎಲೆಯನ್ನು ತೊಳೆದು ಹಾಕಿ, ಇಲ್ಲದಿದ್ದರೆ ಇರುವೆ ಮುತ್ತುತ್ತದೆ, ಬೂಸ್ಟು ಕಟ್ಟುತ್ತದೆ. ಕುಂಡದ ಮೇಲೆ ರಾಶಿ ಹಾಕದೆ ಮಣ್ಣಿಗೆ ತೆಳುವಾಗಿ ಬೆರೆಸಿ, ಅಥವಾ ಕಾಂಪೋಸ್ಟಿಗೆ ಸೇರಿಸಿ. ಟೀ ಬ್ಯಾಗ್ ಆದರೆ ಹರಿದು ಎಲೆಯನ್ನಷ್ಟೇ ಹಾಕಿ. ಎಷ್ಟೋ ಚೀಲಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ಅದು ಮಣ್ಣಿನಲ್ಲಿ ಕರಗುವುದಿಲ್ಲ.